ಇಂಕ್ ಪೆನ್ನಿನ ಹವ್ಯಾಸ: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲಿಸಬಹುದು?

ಕಳೆದ ಸಂಚಿಕೆಯ ಅಂಕಣದಲ್ಲಿ ಇಂಕ್ ಪೆನ್ನುಗಳ ಆರೈಕೆಯ ಬಗ್ಗೆ ಬರೆದಿದ್ದೆ. ಪೆನ್ನು ತೊಳೆಯುವ ಕ್ರಮ, ಇಂಕು ಬದಲಿಸುವ ರೀತಿ ಮುಂತಾದವುಗಳ ಬಗ್ಗೆ ಪ್ರಶ್ನೆಗಳು ಬರಬಹುದೆಂಬ ನಿರೀಕ್ಷೆ ಇತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ಮಾತನ್ನೇ ಎತ್ತಿವೆ. ಅವುಗಳಲ್ಲಿ ಕೆಲವನ್ನು ಆಯ್ದು, ಸಂಕ್ಷೇಪಿಸಿ, ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಕೆಲವು ವರ್ಷಗಳಿಂದ ದಿನಚರಿಯನ್ನು ಇಂಕ್ ಪೆನ್ನಿನಲ್ಲಿಯೇ ಬರೆಯುತ್ತಿದ್ದೇನೆ. ನನ್ನಲ್ಲಿರುವ ಎರಡೂ ಪೆನ್ನುಗಳು ಸ್ಟೀಲ್ ನಿಬ್ಬಿನವು. ಈ ಸಲದ ಬೋನಸ್ಸಿನಲ್ಲಿ ಹೆಸರಾಂತ ಜರ್ಮನ್ ಕಂಪನಿಯ ಬಂಗಾರದ ನಿಬ್ಬಿನ ಪೆನ್ನನ್ನು ಕೊಳ್ಳಬೇಕೆಂದಿದ್ದೇನೆ. ಬೆಲೆ ಲಕ್ಷದ ಆಸುಪಾಸಿನಲ್ಲಿದೆ. ‘ಬರೆಯುವುದು ನಿಬ್ಬೋ, ಕೈಯೋ?’ ಎಂದು ನನ್ನ ಪತ್ನಿ ಕೇಳುತ್ತಾರೆ. ಬಂಗಾರವಿರುವುದರಿಂದ ಇದು ಹೂಡಿಕೆಯೂ ಆಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
(ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲು ಹೂಡಿಕೆಯ ಮಾತನ್ನು ಮುಗಿಸಿಬಿಡೋಣ, ಏಕೆಂದರೆ ಅದರಲ್ಲಿ ಹುರುಳಿಲ್ಲ. ಪೆನ್ನಿನ ನಿಬ್ಬುಗಳಿಗೆ ಬಳಸುವುದು ಸಾಮಾನ್ಯವಾಗಿ 14 ಅಥವಾ 18 ಕ್ಯಾರೆಟ್ ಬಂಗಾರ. 14 ಕ್ಯಾರೆಟ್ ಎಂದರೆ ಅದರಲ್ಲಿ ಅಪ್ಪಟ ಬಂಗಾರದ ಪಾಲು ಶೇ 58.5 ಮಾತ್ರ, ನಿಬ್ಬಿನ ಮೇಲೆ 585 ಎಂದು ಕೆತ್ತಿರುವುದು ಇದನ್ನೇ. ಸಾಮಾನ್ಯ ಗಾತ್ರದ ನಿಬ್ಬಿನ ಒಟ್ಟು ತೂಕ ಒಂದು ಗ್ರಾಂ ಮುಟ್ಟುವುದೇ ಅಪರೂಪ. ಲಕ್ಷ ರೂಪಾಯಿ ಕೊಟ್ಟು ಅಷ್ಟು ಬಂಗಾರವನ್ನು ಮನೆಗೆ ತರುವುದನ್ನು ಯಾವ ಅಕ್ಕಸಾಲಿಗರೂ ಹೂಡಿಕೆ ಎನ್ನುವುದಿಲ್ಲ. ಬಳಸಿದ ಪೆನ್ನನ್ನು ಮಾರಲು ಹೊರಟರೆ, ಅದು ಎಷ್ಟೇ ಹೆಸರಾಂತ ಕಂಪನಿಯದ್ದಾಗಿರಲಿ, ಕೊಟ್ಟ ಹಣ ಪೂರ್ತಿಯಾಗಿ ಹಿಂದಿರುಗುವುದು ವಿರಳ. ಪೆನ್ನನ್ನು ಕೊಳ್ಳುವುದಾದರೆ ಬರೆಯಲು ಕೊಳ್ಳಿ, ಇಲ್ಲವೇ ಇಷ್ಟವಾಯಿತೆಂದು ಕೊಳ್ಳಿ.

ಇನ್ನು ಬರವಣಿಗೆಯ ವಿಷಯ. ಕಾಗದವನ್ನು ಮುಟ್ಟುವುದು ಬಂಗಾರವೂ ಅಲ್ಲ, ಸ್ಟೀಲೂ ಅಲ್ಲ. ತೀರಾ ಅಗ್ಗದ ನಿಬ್ಬುಗಳನ್ನು ಬಿಟ್ಟರೆ, ಉಳಿದೆಲ್ಲ ನಿಬ್ಬುಗಳ ತುದಿಗೂ ಆಸ್ಮಿಯಂ, ಇರಿಡಿಯಂ, ರುಥೇನಿಯಂ, ಟಂಗ್‌ಸ್ಟನ್‌ಗಳಂಥ ಗಡಸು ಲೋಹಗಳ ಮಿಶ್ರಣದ ಸಣ್ಣದೊಂದು ಗುಂಡನ್ನು ಬೆಸೆದು, ಅದನ್ನು ನಡುವೆ ಸೀಳಿ, ಉಜ್ಜಿ ನಯಗೊಳಿಸಿರುತ್ತಾರೆ. ಅಕ್ಷರ ಸರಾಗವಾಗಿ ಹರಿಯುವುದು ಆ ಗುಂಡನ್ನು ಎಷ್ಟು ಚೆನ್ನಾಗಿ ಉಜ್ಜಿದ್ದಾರೆ, ಸೀಳಿನ ಎರಡು ಬದಿಗಳು ಒಂದೇ ಮಟ್ಟದಲ್ಲಿ ಕೂತಿವೆಯೇ, ನಿಬ್ಬಿನ ಕೆಳಗಿರುವ ಫೀಡ್ ಎಂಬ ಕರಿಯ ಪಟ್ಟಿ ಇಂಕನ್ನು ಬೇಕಾದಷ್ಟೇ ಇಳಿಸುತ್ತದೆಯೇ ಎಂಬುದರ ಮೇಲೆ. ಈ ಮೂರೂ ಸರಿಯಿರುವ ಸ್ಟೀಲ್ ನಿಬ್ಬು, ಈ ಮೂರರಲ್ಲಿ ಒಂದು ತಪ್ಪಿದ ಬಂಗಾರದ ನಿಬ್ಬಿಗಿಂತ ಯಾವಾಗಲೂ ಮೇಲು. ಕನ್ನಡ ಬರೆಯುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಅಕ್ಷರಗಳು ಬಹುಪಾಲು ದುಂಡಗೆ ಸುತ್ತುವುದರಿಂದ ನಿಬ್ಬು ಒಂದೇ ಅಕ್ಷರದಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಚಲಿಸಬೇಕಾಗುತ್ತದೆ. ಸೀಳಿನ ಬದಿಗಳು ಕೂದಲೆಳೆಯಷ್ಟು ಏರುಪೇರಾಗಿದ್ದರೂ ಯಾವುದಾದರೊಂದು ದಿಕ್ಕಿನಲ್ಲಿ ಕಾಗದವನ್ನು ಕೆರೆಯುತ್ತದೆ.

ಹಾಗಾದರೆ ನಿಬ್ಬಿಗೆ ಬಂಗಾರವೇಕೆ ಬಂದಿತು? ಹಿಂದಿನ ಕಾಲದ ಇಂಕುಗಳು, ಅದರಲ್ಲಿಯೂ ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡುತ್ತಿದ್ದ ಇಂಕು, ಆಮ್ಲೀಯವಾಗಿದ್ದು ಅಂದಿನ ಉಕ್ಕನ್ನು ತಿಂದು ಹಾಕುತ್ತಿದ್ದವು. ಬಂಗಾರಕ್ಕೆ ತುಕ್ಕಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಇಂಕುಗಳು ನೀರಿನಲ್ಲಿ ಕರಗುವ ಬಣ್ಣಗಳಿಂದ ಮಾಡಿದವು, ಮತ್ತು ಇಂದಿನ ಸ್ಟೇನ್‌ಲೆಸ್ ಸ್ಟೀಲು ಅವುಗಳನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಹೀಗಾಗಿ ಬಂಗಾರವನ್ನು ತಂದ ಮೂಲ ಕಾರಣ ಬಹುಮಟ್ಟಿಗೆ ಇಲ್ಲವಾಗಿದೆ. ಬಂಗಾರದ ನಿಬ್ಬು ಬಳುಕುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ, ಬಳುಕು ಲೋಹಕ್ಕಿಂತ ಹೆಚ್ಚಾಗಿ ನಿಬ್ಬಿನ ದಪ್ಪ ಮತ್ತು ಆಕಾರವನ್ನು ಅವಲಂಬಿಸಿದೆ; ಈಗಿನ ಎಷ್ಟೋ ಬಂಗಾರದ ನಿಬ್ಬುಗಳು ಮೊಳೆಯಷ್ಟೇ ಬಿಗಿಯಾಗಿವೆ. ಇನ್ನೊಂದು ಸಂಗತಿಯನ್ನೂ ತಿಳಿದಿರುವುದು ಒಳ್ಳೆಯದು: ಬೇರೆ ಬೇರೆ ದೇಶಗಳ, ಬೇರೆ ಬೇರೆ ಬೆಲೆಯ ಅನೇಕ ಪೆನ್ನುಗಳಲ್ಲಿ ಇರುವುದು ಜರ್ಮನಿಯ ಯೋವೋ ಅಥವಾ ಬಾಕ್ ಕಂಪನಿಗಳು ತಯಾರಿಸಿ ಪೂರೈಸುವ ನಿಬ್ಬುಗಳೇ. ಎಷ್ಟೋ ಸಲ ಐದು ಸಾವಿರದ ಪೆನ್ನಿಗೂ ಇಪ್ಪತ್ತೈದು ಸಾವಿರದ ಪೆನ್ನಿಗೂ ಬರೆಯುವ ತುದಿ ಒಂದೇ ಕಾರ್ಖಾನೆಯಿಂದ ಬಂದಿರುತ್ತದೆ.

ತಾವು ಹೇಳುವ ಕಂಪನಿಯ ಪೆನ್ನು ಯಾವುದೆಂದು ಊಹಿಸಬಲ್ಲೆ. ಮಾಂಬ್ಲಾಂ ತನ್ನ ಮೈಸ್ಟರ್‌ಸ್ಟುಕ್ ಹೆಸರನ್ನು 1924ರಿಂದ ಬಳಸುತ್ತಿದೆ. ಅದರ ದಪ್ಪನೆಯ 149 ಮಾದರಿ 1952ರಿಂದ ಹೆಚ್ಚು ಬದಲಾವಣೆಯಿಲ್ಲದೆ ಉಳಿದುಬಂದಿದೆ. ಅದು ಕೆಟ್ಟ ಪೆನ್ನು ಎಂದು ಯಾರೂ ಹೇಳಲಾರರು. ಆದರೆ ತಾವು ಕೊಡುವ ಲಕ್ಷದಲ್ಲಿ ನಿಬ್ಬಿಗೆ ಮತ್ತು ಕುಶಲತೆಗೆ ಹೋಗುವ ಪಾಲಿನ ಜೊತೆಗೆ, ಮುಚ್ಚಳದ ತುದಿಯ ಬಿಳಿಯ ಗುರುತಿಗೆ ಹೋಗುವ ಪಾಲೂ ದೊಡ್ಡದಿದೆ. ಬಂಗಾರದ ನಿಬ್ಬಿನ ಅನುಭವವೇ ಬೇಕಿದ್ದರೆ ಜಪಾನಿನ ಪೈಲಟ್, ಸೈಲರ್ ಮತ್ತು ಪ್ಲಾಟಿನಂ ಕಂಪನಿಗಳು ತಮ್ಮ ನಿಬ್ಬುಗಳನ್ನು ತಾವೇ ತಯಾರಿಸುತ್ತವೆ, ಮತ್ತು ಅವುಗಳ ಆರಂಭದ ಮಾದರಿಗಳು ತಾವು ಹೇಳಿದ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತವೆ. ಫ್ಯೂಜಿ ಪರ್ವತದ ಎತ್ತರವಾದ 3,776 ಮೀಟರನ್ನೇ ಹೆಸರಾಗಿಸಿಕೊಂಡಿರುವ ಪ್ಲಾಟಿನಂ ಕಂಪನಿಯ ಪೆನ್ನಿನ ಮುಚ್ಚಳದೊಳಗೆ ಗಾಳಿಯಾಡದಂತೆ ತಡೆಯುವ ಏರ್ಪಾಡಿದ್ದು, ತಿಂಗಳುಗಟ್ಟಲೆ ಮುಟ್ಟದಿದ್ದರೂ ಇಂಕು ಒಣಗುವುದಿಲ್ಲ. ಅಂಥ ಏರ್ಪಾಡಿಗೆ ಹಣ ಕೊಡುವುದು ನನ್ನ ಲೆಕ್ಕದಲ್ಲಿ ಗುರುತಿಗೆ ಹಣ ಕೊಡುವುದಕ್ಕಿಂತ ವಿವೇಕದ ಕೆಲಸ. ಜಪಾನಿನ ‘ಫೈನ್’ ನಿಬ್ಬು ಯುರೋಪಿನ ‘ಫೈನ್’ಗಿಂತ ಸಪೂರ ಎಂಬುದನ್ನು ನೆನಪಿಡಿ, ಒತ್ತಕ್ಷರಗಳನ್ನು ಗೆರೆಗಳ ನಡುವೆ ಒತ್ತೊತ್ತಾಗಿ ಬರೆಯುವ ನಮಗೆ ಆ ಸಪೂರವೇ ಅನುಕೂಲ.

ಇಷ್ಟನ್ನೆಲ್ಲ ಓದಿದ ಮೇಲೂ ತಮಗೆ ಆ ಪೆನ್ನೇ ಬೇಕೆನಿಸಿದರೆ ನಾನು ತಡೆಯುವವನಲ್ಲ. ರೇಷ್ಮೆ ಸೀರೆಯ ಜರಿಯಂಚು ಮೈ ಮುಚ್ಚುವ ಕೆಲಸಕ್ಕೆ ಏನನ್ನೂ ಸೇರಿಸುವುದಿಲ್ಲವೆಂದು ಯಾರೂ ಅದನ್ನು ವ್ಯರ್ಥವೆನ್ನುವುದಿಲ್ಲ. ಅಂದಕ್ಕಾಗಿ ಕೊಟ್ಟ ಹಣವನ್ನು ಅಂದಕ್ಕೆಂದೇ ಹೇಳಿದರೆ ಸಾಕು. ಅದಕ್ಕೆ ಹೂಡಿಕೆ, ಅಗತ್ಯ, ಬರವಣಿಗೆಯ ಸುಧಾರಣೆ ಎಂಬ ನೆಪಗಳನ್ನು ತೊಡಿಸಬೇಕಾಗಿಲ್ಲ. ತಮ್ಮ ಪತ್ನಿಯವರ ಪ್ರಶ್ನೆಗೆ ಉತ್ತರ: ಬಹುಪಾಲು ಕೈಯೇ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಒಂದು ಸಾವಿರ ರೂಪಾಯಿ ಇದೆ. ಇಷ್ಟರಲ್ಲಿ ಇಂಕ್ ಪೆನ್ನಿನ ಹವ್ಯಾಸವನ್ನು ಆರಂಭಿಸಬಹುದೇ? ಯಾವುದರಲ್ಲಿ ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು?
(ಶಿರಸಿಯ ಓದುಗರು)

ಉತ್ತರ: ಧಾರಾಳವಾಗಿ ಆರಂಭಿಸಬಹುದು, ಮತ್ತು ಸಾವಿರವನ್ನೂ ಪೆನ್ನಿಗೇ ಸುರಿಯದಿದ್ದರೆ ಇನ್ನೂ ಚೆನ್ನಾಗಿ ಆರಂಭಿಸಬಹುದು. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಇರುವ ಹಣವನ್ನೆಲ್ಲ ಪೆನ್ನಿಗೆ ಕೊಟ್ಟು, ಕಾಗದಕ್ಕೆ ಮನೆಯಲ್ಲಿ ಬಿದ್ದಿದ್ದ ಹಳೆಯ ನೋಟ್‌ಬುಕ್ಕನ್ನು ತೆಗೆದುಕೊಳ್ಳುವುದು. ಅಗ್ಗದ ನೋಟ್‌ಬುಕ್ಕಿನ ಹಾಳೆ ಇಂಕನ್ನು ಹತ್ತಿಯಂತೆ ಹೀರುವುದರಿಂದ ಅಕ್ಷರದ ಅಂಚು ಹರಡಿ, ಬರೆದದ್ದು ಹಿಂಬದಿಗೂ ಮೂಡಿ, ‘ಈ ಪೆನ್ನೇ ಸರಿಯಿಲ್ಲ’ ಎಂಬ ತೀರ್ಮಾನಕ್ಕೆ ಬರುವಂತಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಮಾತ್ರ ನಿಜಕ್ಕೂ ಡೊಂಕಿರುವುದು ನೆಲವೇ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆಂದು ಸೂಚಿಸುವ ಜಿಎಸ್ಎಂ ಸಂಖ್ಯೆಯನ್ನೇ ಪೂರ್ತಿ ನಂಬಬೇಡಿ. ಇಂಕ್ ಪೆನ್ನಿನವರು ಕೊಂಡಾಡುವ ಜಪಾನಿನ ಟೊಮೊಯೆ ರಿವರ್ ಕಾಗದ ಕೇವಲ 52 ಜಿಎಸ್ಎಂ ಇದ್ದರೂ ಇಂಕನ್ನು ಹರಡಗೊಡುವುದಿಲ್ಲ, ಅದಕ್ಕಿಂತ ಎಷ್ಟೋ ದಪ್ಪನೆಯ ಕೆಲವು ಹಾಳೆಗಳು ಹರಡುತ್ತವೆ. ಕಾರಣ ಹಾಳೆಯ ಮೇಲ್ಮೈಗೆ ಕೊಟ್ಟಿರುವ ಲೇಪ. ಅಂಗಡಿಗೆ ಹೋದಾಗ ಇಂಕು ತುಂಬಿದ ಪೆನ್ನನ್ನು ಜೊತೆಗೊಯ್ದು, ಅಂಗಡಿಯವರನ್ನು ಕೇಳಿ, ಕೊನೆಯ ಪುಟದಲ್ಲಿ ಒಂದು ಸಾಲು ಬರೆದು ನೋಡುವುದೇ ಉತ್ತಮ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಬಿಡಿ ಹಾಳೆಗಳನ್ನು ಕೊಂಡು ಪರೀಕ್ಷಿಸಿ, ಒಪ್ಪಿಗೆಯಾದದ್ದನ್ನು ಹೊಲಿಸಿಕೊಳ್ಳುವವರೂ ಇದ್ದಾರೆ.

ಇಂಕಿನಲ್ಲಿ ನಿಶ್ಚಿಂತೆಯಿಂದ ಉಳಿಸಬಹುದು. ನಮ್ಮಲ್ಲಿಯೇ ತಯಾರಾಗುವ ಕ್ಯಾಮೆಲ್, ಬ್ರಿಲ್ ಮುಂತಾದ ಇಂಕುಗಳು ಪೆನ್ನಿಗೆ ಏನೂ ಕೇಡು ಮಾಡುವುದಿಲ್ಲ. ಪೈಲಟ್ ಕಂಪನಿಯ ಇರೋಶಿಝುಕು ಇಂಕಿನ 50 ಮಿಲಿ ಬಾಟಲಿಯ ಬೆಲೆಯಲ್ಲಿ ನಮ್ಮ ಇಂಕಿನ ಬಾಟಲಿಗಳನ್ನು ಒಂದು ಸಾಲಾಗಿ ಜೋಡಿಸಿಡಬಹುದು. ಅದರ ಬಣ್ಣಗಳು ಚೆಲುವಾಗಿವೆ ನಿಜ, ಆದರೆ ಆ ಚೆಲುವು ಒಂದೆರಡು ವರ್ಷ ಕಾಯಬಲ್ಲದು. ಒಂದೇ ಒಂದು ಎಚ್ಚರಿಕೆ: ಚಿತ್ರಕಾರರು ಬಳಸುವ ಇಂಡಿಯನ್ ಇಂಕನ್ನು ಅಗ್ಗವೆಂದೋ ಕಪ್ಪು ಗಾಢವಾಗಿದೆಯೆಂದೋ ಎಂದಿಗೂ ಇಂಕ್ ಪೆನ್ನಿಗೆ ತುಂಬಬೇಡಿ. ಅದರಲ್ಲಿರುವ ಅರಗಿನಂಥ ಅಂಟು ಒಣಗಿದರೆ ಫೀಡ್ ಕಟ್ಟಿಕೊಂಡು, ತೊಳೆದರೂ ಬಿಡುವುದಿಲ್ಲ.

ಪೆನ್ನಿನ ವಿಷಯದಲ್ಲಿ, ಸಪೂರ ಸ್ಟೀಲ್ ನಿಬ್ಬಿನ, ಕನ್ವರ್ಟರ್ (ಬಾಟಲಿಯಿಂದ ಇಂಕನ್ನು ಎಳೆದುಕೊಳ್ಳುವ ಸಣ್ಣ ಕೊಳವೆ) ಹಾಕಬಹುದಾದ ಸರಳ ಪೆನ್ನೊಂದು ಸಾಕು. ಇನ್ನೊಂದು ದಾರಿ, ಹಿಂದೆ ಶಾಲೆಗಳಲ್ಲಿ ಎಲ್ಲರೂ ಬಳಸುತ್ತಿದ್ದಂತೆ, ಡ್ರಾಪರಿನಲ್ಲಿ ನೇರವಾಗಿ ಇಂಕು ತುಂಬುವ ಪೆನ್ನು. ಕನ್ವರ್ಟರಿನಲ್ಲಿ ಒಂದು ಮಿಲಿಯೂ ಹಿಡಿಯದ ಕಡೆ ಇದರಲ್ಲಿ ಎರಡು ಮೂರು ಮಿಲಿ ಹಿಡಿಯುತ್ತದೆ, ಕೆಡಲು ಒಳಗೆ ಯಾವ ಯಂತ್ರವೂ ಇಲ್ಲ. ಇಂಕು ತಳ ಸೇರಿದಾಗ ಮಾತ್ರ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ಹಾಳೆಯ ಮೇಲೆ ಒಂದು ಹನಿ ತೊಟ್ಟಿಕ್ಕುವುದುಂಟು. ಕಾಲು ಭಾಗ ಉಳಿದಿರುವಾಗಲೇ ಮತ್ತೆ ತುಂಬಿಕೊಂಡರೆ ಆ ತೊಂದರೆ ಇಲ್ಲ. ಉಳಿದ ಹಣದಲ್ಲಿ ಸೂಜಿಯಿಲ್ಲದ ಒಂದು ಸಿರಿಂಜನ್ನು ಔಷಧಿ ಅಂಗಡಿಯಿಂದ ತಂದಿಟ್ಟುಕೊಳ್ಳಿ. ತುಂಬಲಿಕ್ಕೂ ತೊಳೆಯಲಿಕ್ಕೂ ಅದೇ ಸಾಕು; ಅದಕ್ಕಾಗಿಯೇ ಮಾಡಿದ್ದೆಂದು ಮಾರುವ ದುಬಾರಿ ಸಲಕರಣೆಗಳು ಬೇಡ. ಪರೀಕ್ಷೆಯ ಒಎಂಆರ್ ಹಾಳೆಗೆ ಮಾತ್ರ ಬಾಲ್ ಪೆನ್ನನ್ನೇ ಒಯ್ಯಿರಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ತಾವು ಕಳೆದ ಸಂಚಿಕೆಯಲ್ಲಿ ಕೈಯಿಂದ ಮಾಡಿದ ಎಬೊನೈಟ್ (ಗಡಸು ರಬ್ಬರು) ಪೆನ್ನುಗಳನ್ನು ಹೊಗಳಿದ್ದೀರಿ. ಹತ್ತು ರೂಪಾಯಿಯ ಬಾಲ್ ಪೆನ್ನು ಮಾಡುವ ಕೆಲಸಕ್ಕೆ ಸಾವಿರಾರು ರೂಪಾಯಿ ಕೊಡುವುದನ್ನು ಸ್ವದೇಶಿಯ ಹೆಸರಿನಲ್ಲಿ ಸಮರ್ಥಿಸುವುದು ಸರಿಯೇ? ಗಾಂಧೀಜಿ ಪೆನ್ಸಿಲಿನ ಚೂರನ್ನೂ ಎಸೆಯದವರು.
(ಧಾರವಾಡದ ಓದುಗರು)

ಉತ್ತರ: ಗುರುಗಳೇ, ಅಗ್ಗವೊಂದೇ ಅಳತೆಗೋಲಾದರೆ ಬಾಲ್ ಪೆನ್ನು ಗೆದ್ದಂತೆಯೇ, ಅದರಲ್ಲಿ ವಾದವಿಲ್ಲ. ಇಂಕ್ ಪೆನ್ನಿನವರು ಆಗಾಗ ಪರಿಸರದ ಮಾತನ್ನೂ ತರುತ್ತಾರೆ. ಒಂದೇ ಪೆನ್ನಿನಲ್ಲಿ ಇಪ್ಪತ್ತು ವರ್ಷ ಬರೆದವರ ಬಾಯಲ್ಲಿ ಆ ಮಾತು ಒಪ್ಪುತ್ತದೆ, ಮೂವತ್ತು ಪೆನ್ನುಗಳನ್ನು ಪೆಟ್ಟಿಗೆಯಲ್ಲಿಟ್ಟವರ ಬಾಯಲ್ಲಿ ಒಪ್ಪುವುದಿಲ್ಲ.

ತಾವು ಗಾಂಧೀಜಿಯವರನ್ನು ನೆನೆದದ್ದರಿಂದ ಎರಡು ಪೆನ್ನುಗಳ ಕಥೆಯನ್ನು ಅಕ್ಕಪಕ್ಕದಲ್ಲಿಡಲು ಅಪ್ಪಣೆ ಕೊಡಬೇಕು. ಮೊದಲನೆಯದು ಆಂಧ್ರದ ರಾಜಮಹೇಂದ್ರಿಯದು. ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಕೆ.ವಿ. ರತ್ನಂ ಎಂಬ ಕುಶಲಕರ್ಮಿ ಅಲ್ಲಿ ಇಂಕ್ ಪೆನ್ನು ತಯಾರಿಸಿ ಗಾಂಧೀಜಿಯವರಿಗೆ ತಲುಪಿಸಿದರು. ಅದನ್ನು ಬಳಸಿ ನೋಡಿದ ಗಾಂಧೀಜಿ, ಪೇಟೆಯಲ್ಲಿ ಕಾಣುವ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿಯಾಗಬಲ್ಲದು ಎಂಬ ಅರ್ಥ ಬರುವಂತೆ 1935ರಲ್ಲಿ ಅವರಿಗೆ ಪತ್ರ ಬರೆದರು. ರತ್ನಂ ಪೆನ್ನುಗಳು ಇಂದಿಗೂ ಅದೇ ಊರಿನಲ್ಲಿ ತಯಾರಾಗುತ್ತಿವೆ. ಎರಡನೆಯದು 2009ರದ್ದು. ಮಾಂಬ್ಲಾಂ ಕಂಪನಿ ಗಾಂಧೀಜಿಯ ಹೆಸರಿನಲ್ಲಿ ಬಂಗಾರದ ಎಳೆ ಸುತ್ತಿದ ಪೆನ್ನೊಂದನ್ನು ಹೊರತಂದಿತು. ದಂಡಿ ಯಾತ್ರೆಯ 241 ಮೈಲಿಗಳ ನೆನಪಿಗೆಂದು 241 ಪೆನ್ನುಗಳು. ಒಂದೊಂದರ ಬೆಲೆ ಹನ್ನೊಂದು ಲಕ್ಷ ರೂಪಾಯಿಗೂ ಹೆಚ್ಚು. ವಿಷಯ ಕೇರಳ ಹೈಕೋರ್ಟಿನ ಮೆಟ್ಟಿಲೇರಿ, 2010ರಲ್ಲಿ ಕಂಪನಿ ಭಾರತದಲ್ಲಿ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು. ಉಪ್ಪಿಗಾಗಿ ನಡೆದ ಮೈಲಿಗಳನ್ನು ಎಣಿಸಿ ಬಂಗಾರದ ಪೆನ್ನು ಮಾಡಿದವರಿಗೆ ಅದರಲ್ಲಿ ಏನೂ ಎಡವಟ್ಟು ಕಾಣಲಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ.

ಈ ಎರಡರ ನಡುವಿನ ಅಂತರ ಬೆಲೆಯದ್ದು ಮಾತ್ರವಲ್ಲ. ಕೈಯಿಂದ ಮಾಡಿದ ಎಬೊನೈಟ್ ಪೆನ್ನಿಗೆ ಕೊಡುವ ಒಂದೆರಡು ಸಾವಿರದಲ್ಲಿ ಹೆಚ್ಚಿನ ಪಾಲು ಹೋಗುವುದು ಕಡಚಲು ಯಂತ್ರದ ಮುಂದೆ ಕುಳಿತ ಒಬ್ಬರ ದುಡಿಮೆಗೆ. ಗಂಧಕ ಸೇರಿಸಿ ಗಡಸುಗೊಳಿಸಿದ ರಬ್ಬರಿನ ಸರಳನ್ನು ಕಡೆದು, ಕೊರೆದು, ತಿರುಪು ಎಳೆಗಳನ್ನು ಕತ್ತರಿಸಿ, ಕೊನೆಗೆ ನಿಬ್ಬನ್ನು ಕೊಳ್ಳುವವರ ಕೈಗೆ ತಕ್ಕಂತೆ ಹದಗೊಳಿಸುವ ಕೆಲಸ ಅದು. ತಮಿಳುನಾಡಿನ ತಿರುವಳ್ಳೂರಿನ ರಂಗಾ ಪೆನ್ನುಗಳೂ ಇದೇ ಬಗೆಯವು. ಎಲ್ಲವೂ ಲೋಪವಿಲ್ಲದವೆಂದು ಹೇಳಲಾರೆ: ಎಬೊನೈಟ್ ಬಿಸಿಲಿಗೆ ಕಂದುತ್ತದೆ, ಕೆಲವು ಪೆನ್ನುಗಳು ಸೋರುತ್ತವೆ, ಹೊಸದರಲ್ಲಿ ರಬ್ಬರಿನ ವಾಸನೆ ಇರುತ್ತದೆ. ಆದರೂ ಇದನ್ನು ಐಷಾರಾಮದ ಪಟ್ಟಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ತಾವು ಪೆನ್ಸಿಲಿನ ಚೂರನ್ನು ನೆನೆದಿರಿ. ಇರುವುದನ್ನು ಕೊನೆಯವರೆಗೆ ಬಳಸುವ ಆ ಗುಣ, ನಿಬ್ಬು ಬದಲಿಸಿ, ಫೀಡ್ ತೊಳೆದು, ತಿರುಪಿಗೆ ಗ್ರೀಸ್ ಹಚ್ಚಿ ಮತ್ತೆ ಬರೆಯಬಹುದಾದ ವಸ್ತುವಿನಲ್ಲಿಯೇ ಹೆಚ್ಚು ಸಾಧ್ಯವೆಂದು ನನಗೆ ತೋರುತ್ತದೆ. ತಮ್ಮ ಬಾಲ್ ಪೆನ್ನಿಗೂ ರೀಫಿಲ್ ಹಾಕಿಸಿಕೊಂಡೇ ಬರೆಯುವವರು ತಾವಾಗಿದ್ದರೆ, ಈ ವಾದದಲ್ಲಿ ನಾನು ಸೋತೆ.

ಪ್ರಶ್ನೆ: ನಾನು ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗ, ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಬಳಿ ಐವತ್ತಕ್ಕೂ ಹೆಚ್ಚು ಪೆನ್ನುಗಳಿವೆ. ಹೊಸ ಬಣ್ಣದ್ದು, ಸೀಮಿತ ಆವೃತ್ತಿಯದ್ದು ಬಂದಾಗಲೆಲ್ಲ ಕೊಳ್ಳುತ್ತೇನೆ. ಬಂದ ವಾರ ಬರೆಯುತ್ತೇನೆ, ಆಮೇಲೆ ಇಂಕು ಅದರಲ್ಲಿಯೇ ಒಣಗುತ್ತದೆ. ಮನೆಯಲ್ಲಿ ಬೆಲೆ ಕೇಳಿದರೆ ಅರ್ಧ ಹೇಳುತ್ತೇನೆ. ಇದು ಚಟವಾಗುತ್ತಿದೆಯೇ?
(ಸಿಂಗಪುರದ ಓದುಗರು)

ಉತ್ತರ: ತಮ್ಮ ಪತ್ರದಲ್ಲಿ ಪೆನ್ನುಗಳ ಸಂಖ್ಯೆಗಿಂತ ಕಡೆಯಿಂದ ಎರಡನೆಯ ವಾಕ್ಯ ನನ್ನ ಗಮನ ಸೆಳೆಯಿತು. ಐವತ್ತು ಪೆನ್ನುಗಳನ್ನು ಬೆಲೆಸಮೇತ ಮನೆಯವರಿಗೆ ತೋರಿಸಬಲ್ಲ ಸಂಗ್ರಾಹಕರಿದ್ದಾರೆ. ಅವರ ಬಗ್ಗೆ ನನಗೆ ಚಿಂತೆಯಿಲ್ಲ. ಐದನೆಯ ಪೆನ್ನಿನ ಬೆಲೆಯನ್ನು ಮರೆಮಾಚುವವರ ಬಗ್ಗೆ ಇದೆ. ಖರ್ಚು ಅತಿಯಾಯಿತೆಂದು ತಮ್ಮ ಮನಸ್ಸಿಗೆ ಈಗಾಗಲೇ ಗೊತ್ತಿದೆ, ಇಲ್ಲದಿದ್ದರೆ ಅರ್ಧ ಹೇಳುತ್ತಿರಲಿಲ್ಲ. ಮೊದಲು ಮನೆಯವರೊಂದಿಗೆ ಕುಳಿತು ಪೂರ್ತಿ ಲೆಕ್ಕವನ್ನು ಮುಂದಿಡಿ. ಆ ಮಾತುಕತೆಗೆ ಯಾವ ಅಂಕಣವೂ ಬದಲಿಯಾಗಲಾರದು.

ಬರೆಯುವುದು ಒಂದು ಹವ್ಯಾಸ, ಸಂಗ್ರಹಿಸುವುದು ಇನ್ನೊಂದು. ಎರಡೂ ಒಳ್ಳೆಯವೇ, ಆದರೆ ತಾವು ಈಗ ಮಾಡುತ್ತಿರುವುದು ಎರಡೂ ಅಲ್ಲ, ಕೊಳ್ಳುವುದು ಮಾತ್ರ. ಸಂಗ್ರಾಹಕನಿಗೆ ತನ್ನ ಪೆಟ್ಟಿಗೆಯಲ್ಲಿರುವ ಪ್ರತಿಯೊಂದೂ ಯಾವಾಗ, ಏಕೆ, ಹೇಗೆ ತಯಾರಾಯಿತೆಂಬುದು ಗೊತ್ತಿರುತ್ತದೆ. ಪೆಲಿಕಾನ್ ಕಂಪನಿ 1929ರಲ್ಲಿ ತಂದ, ಹಿಂಬದಿಯ ಗುಬುಟು ತಿರುಗಿಸಿ ಇಂಕು ಎಳೆದುಕೊಳ್ಳುವ ಪಿಸ್ಟನ್ ಏರ್ಪಾಡು ಅವನಿಗೆ ಒಂದು ಅಧ್ಯಯನದ ವಸ್ತು. ಜಪಾನಿನವರು ಉರುಶಿ ಮರದ ಅಂಟನ್ನು ಪದರ ಪದರವಾಗಿ ಬಳಿದು, ಒಣಗಿಸಿ, ಉಜ್ಜಿ, ಅದರ ಮೇಲೆ ಬಂಗಾರದ ಪುಡಿಯಿಂದ ಚಿತ್ರ ಬಿಡಿಸುವ ಮಕಿ-ಎ ಪೆನ್ನುಗಳಿಗೆ ತಿಂಗಳುಗಳೇ ಹಿಡಿಯುತ್ತವೆ; ಅವುಗಳ ಬೆಲೆ ಹೆದರಿಸಿದರೂ ಅದನ್ನು ಏಕೆ ಕೇಳುತ್ತಾರೆಂಬುದು ಅರ್ಥವಾಗುತ್ತದೆ. ಆದರೆ ಲ್ಯಾಮಿ ಕಂಪನಿಯ ಸಫಾರಿಯನ್ನು ನೋಡಿ. 1980ರಲ್ಲಿ ಬಂದ ಆ ಗಟ್ಟಿಮುಟ್ಟಾದ ಪೆನ್ನಿಗೆ ಈಗ ವರ್ಷಕ್ಕೊಮ್ಮೆ ಹೊಸ ಬಣ್ಣ ಬರುತ್ತದೆ. ಒಳಗಿನ ಫೀಡ್ ಅದೇ, ನಿಬ್ಬು ಅದೇ, ಹಿಡಿತದ ಮೂರು ಮೂಲೆಯ ಆಕಾರವೂ ಅದೇ. ಆರು ಬಣ್ಣಗಳ ಆರು ಸಫಾರಿ ಕೊಂಡವರ ಬಳಿ ಇರುವುದು ಆರು ಸಲ ಕೊಂಡ ಒಂದೇ ಪೆನ್ನು. ಅದರ ನಿಬ್ಬನ್ನು ಬೆರಳಿನಿಂದಲೇ ಎಳೆದು ತೆಗೆಯಬಹುದು. ಬೇರೆ ಅಗಲದ ನಿಬ್ಬೊಂದನ್ನು ಮಾತ್ರ ಕೊಂಡರೆ, ಪೆನ್ನಿನ ಬೆಲೆಯ ಒಂದು ಪಾಲಿಗೆ ನಿಜಕ್ಕೂ ಬೇರೆಯಾದ ಬರವಣಿಗೆ ಸಿಗುತ್ತದೆ. ‘ಸೀಮಿತ ಆವೃತ್ತಿ’ ಎಂಬ ಮಾತಿಗೆ ಮನಸೋಲುವ ಮುನ್ನ, ಮಿತಿಯನ್ನು ಇಟ್ಟವರು ಮಾರುವವರೇ ಎಂಬುದನ್ನು ನೆನೆಯುವುದು ಲೇಸು.

ಮಾಡಬಹುದಾದದ್ದು ಇಷ್ಟು. ಐವತ್ತನ್ನೂ ತೊಳೆಯಿರಿ. ತಣ್ಣೀರಿನಲ್ಲಿ, ಸೋಪಿನ ಒಂದೆರಡು ಹನಿ ಹಾಕಿ, ಇಂಕಿನ ಕೊನೆಯ ಎಳೆ ಹೋಗುವವರೆಗೆ. ಇದಕ್ಕೆ ಹಲವು ಸಂಜೆಗಳು ಬೇಕು, ಮತ್ತು ಒಂದೊಂದನ್ನೂ ಕೈಯಲ್ಲಿ ಹಿಡಿದು ತೊಳೆಯುವಾಗ ಯಾವುದು ಬೇಕು, ಯಾವುದು ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಇಂಕು ಮೂರರಲ್ಲಿ ಮಾತ್ರ ಇರಲಿ. ಒಂದರದ್ದು ಖಾಲಿಯಾಗಿ ತೊಳೆದಿಟ್ಟ ಮೇಲೆಯೇ ಇನ್ನೊಂದನ್ನು ತುಂಬಿ. ಬೇಡವೆನಿಸಿದವನ್ನು ಮಾರಿ ಅಥವಾ ಬರೆಯುವ ಮಕ್ಕಳಿಗೆ ಕೊಡಿ. ಆ ಮಾರಾಟದಿಂದ ಬಂದ ಹಣವನ್ನು ಬಿಟ್ಟು ಬೇರೆ ಹಣದಲ್ಲಿ ಹೊಸ ಪೆನ್ನು ಕೊಳ್ಳುವುದಿಲ್ಲವೆಂದು ಮನೆಯವರಿಗೆ ಹೇಳಿ, ಹಾಗೆಯೇ ನಡೆದುಕೊಳ್ಳಿ. ಅಷ್ಟಾದ ಮೇಲೂ ರಾತ್ರಿ ನಿದ್ದೆಗೆಟ್ಟು ಅಂಗಡಿಗಳ ಪುಟಗಳನ್ನು ತಿರುವುತ್ತಿದ್ದರೆ, ಆಪ್ತಸಮಾಲೋಚಕರನ್ನು ಕಾಣುವುದಕ್ಕೆ ಸಂಕೋಚಪಡಬೇಡಿ.

ಪ್ರಶ್ನೆ: ತಂದೆಯವರು ಬಳಸುತ್ತಿದ್ದ ಪಾರ್ಕರ್ 51 ಪೆನ್ನು ನನ್ನಲ್ಲಿದೆ. ಬರೆಯುವುದಿಲ್ಲ. ದುರಸ್ತಿಗೆ ಕೇಳಿದ ಹಣದಲ್ಲಿ ಹೊಸ ಪೆನ್ನೇ ಬರುತ್ತದೆ. ದುರಸ್ತಿ ಮಾಡಿಸುವುದು ಜಾಣತನವೇ?
(ಮೈಸೂರಿನ ಓದುಗರು)

ಉತ್ತರ: ಜಾಣತನವೇ, ಆದರೆ ಹಣ ಕೊಡುವ ಮುನ್ನ ಒಂದು ಬಟ್ಟಲು ನೀರನ್ನು ಖರ್ಚು ಮಾಡಿ ನೋಡಿ. 1941ರಲ್ಲಿ ಮಾರುಕಟ್ಟೆಗೆ ಬಂದ ಈ ಪೆನ್ನಿನ ನಿಬ್ಬು ಬಹುಪಾಲು ಹೊದಿಕೆಯೊಳಗೆ ಅಡಗಿರುವುದರಿಂದ, ಒಣಗಿದ ಇಂಕು ಅಲ್ಲಿಯೇ ಗಟ್ಟಿಯಾಗಿ ಕೂತಿರುತ್ತದೆ. ಮುಂಭಾಗವನ್ನು ಮಾತ್ರ ತಣ್ಣೀರಿನಲ್ಲಿ ಇಳಿಬಿಟ್ಟು, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ನಾಲ್ಕು ದಿನ ಬಿಡಿ. ನೀರು ನೀಲಿಯಾಗುತ್ತಿರುವವರೆಗೂ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಬಿಸಿನೀರು, ಸ್ಪಿರಿಟ್, ಗುಂಡುಪಿನ್ನು ಇವು ಮೂರೂ ಬೇಡ. 1948ರ ನಂತರದ ಮಾದರಿಗಳಲ್ಲಿ ಇಂಕು ತುಂಬುವ ಪಾರದರ್ಶಕ ಚೀಲವನ್ನು ರಬ್ಬರಿನ ಬದಲು ಪ್ಲಾಸ್ಟಿಕ್ಕಿನಿಂದ ಮಾಡಿದ್ದರಿಂದ, ಅವು ಎಷ್ಟೋ ದಶಕಗಳ ನಂತರವೂ ಒಳ್ಳೆಯ ಸ್ಥಿತಿಯಲ್ಲಿಯೇ ಸಿಗುತ್ತವೆ. ಹೆಚ್ಚಿನವು ಬರಿಯ ನೀರಿಗೇ ಎದ್ದು ಕೂರುತ್ತವೆ. ಆಗದಿದ್ದರೆ ಕೇಳಿದ ಹಣ ಕೊಟ್ಟು ಮಾಡಿಸಿ. ಆ ಹಣದಲ್ಲಿ ಬರುವ ಹೊಸ ಪೆನ್ನು ಇದರಷ್ಟು ಚೆನ್ನಾಗಿ ಬರೆಯುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಬಂಗಾರದ ಬಣ್ಣದ ಮುಚ್ಚಳವಿದ್ದರೆ ಅದನ್ನು ಪಾಲಿಶ್ ಹಚ್ಚಿ ಉಜ್ಜಿಸಬೇಡಿ, ಲೇಪ ಸವೆದು ಹೋಗುತ್ತದೆ.

ಪ್ರಶ್ನೆ: ಅಂತರ್ಜಾಲದಲ್ಲಿ ಮಾಂಬ್ಲಾಂ ಪೆನ್ನು ಎರಡು ಸಾವಿರಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
(ಬಳ್ಳಾರಿಯ ಓದುಗರು)

ಉತ್ತರ: ಬೇಡ. ಆ ಬೆಲೆಗೆ ಸಿಗುವುದು ನಕಲು. ಅದೇ ಎರಡು ಸಾವಿರದಲ್ಲಿ ತನ್ನದೇ ಹೆಸರು ಹೊತ್ತ ಒಳ್ಳೆಯ ಪೆನ್ನೊಂದು, ಒಂದು ಬಾಟಲಿ ಇಂಕು ಮತ್ತು ಇಂಕು ಹರಡದ ನೋಟ್‌ಬುಕ್ಕು ಮೂರೂ ಬರುತ್ತವೆ.